ಘನ ಮತ್ತು ದ್ರವಗಳ ಸಾಂದ್ರತೆ, ತೇಲುವಿಕೆಯ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾ ಬಂದಿರುವ ನನಗೆ ಈ ಪ್ರಶ್ನೆಗಳು ಮಕ್ಕಳಿಂದ ಮಾತ್ರ ಬಂದವಲ್ಲ. ಡೇರಿಗೆ ಹಾಲು ಹಾಕುವವರು, ಮಾಲೂರಿನ ಕಡೆ ಇಟ್ಟಿಗೆ ಗೂಡು ನಡೆಸುವವರು, ಶ್ರೀನಿವಾಸಪುರದ ಮಾವಿನ ತೋಪಿನವರು, ಒಡವೆ ಕೊಳ್ಳುವ ಮುನ್ನ ಅನುಮಾನ ಪಡುವ ಮನೆಯವರು, ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಇದನ್ನೇ ಕೇಳಿದ್ದಾರೆ. ಉತ್ತರಗಳನ್ನು ಒಂದೆಡೆ ಬರೆದಿಟ್ಟರೆ ಅನುಕೂಲವಾದೀತೆಂದು ಇಲ್ಲಿ ಸೇರಿಸಿದ್ದೇನೆ.

ಸಾಂದ್ರತೆ ಎಂದರೇನು? ಸಾಪೇಕ್ಷ ಸಾಂದ್ರತೆ ಬೇರೆಯೇ?

ಒಂದು ವಸ್ತುವಿನ ದ್ರವ್ಯರಾಶಿಯನ್ನು ಅದರ ಗಾತ್ರದಿಂದ ಭಾಗಿಸಿದರೆ ಬರುವುದು ಸಾಂದ್ರತೆ. ಅದನ್ನು ನೀರಿನ ಸಾಂದ್ರತೆಗೆ ಹೋಲಿಸಿ ಹೇಳಿದರೆ ಸಾಪೇಕ್ಷ ಸಾಂದ್ರತೆ, ಅದಕ್ಕೆ ಏಕಮಾನವಿಲ್ಲ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮಿಲಿಲೀಟರ್ ನೀರು ಬಹುಮಟ್ಟಿಗೆ ಒಂದು ಗ್ರಾಂ ತೂಗುವುದರಿಂದ ಎರಡರ ಅಂಕಿಯೂ ಒಂದೇ ಆಗಿ ಕಾಣುತ್ತದೆ.

ಅಳತೆ ಜಾಡಿಯಲ್ಲಿ ಮುಳುಗಿಸಿ ನೀರಿನ ಏರಿಕೆ ನೋಡಿದರೆ ಗಾತ್ರ ಸಿಗುತ್ತದಲ್ಲ, ಅಷ್ಟು ಸಾಲದೇ?

ತತ್ವ ಸರಿ, ಆದರೆ ಅಳತೆ ಒರಟು. ತೂಕವನ್ನು ನಾವು ಸುಲಭವಾಗಿ ಕರಾರುವಾಕ್ಕಾಗಿ ಅಳೆಯಬಲ್ಲೆವು. ಸಾಂದ್ರತೆಯ ಲೆಕ್ಕ ಕೆಡುವುದು ಹೆಚ್ಚಾಗಿ ಗಾತ್ರದಲ್ಲೇ. ಶಾಲೆಗಳಲ್ಲಿರುವ 100 ಮಿ.ಲೀ. ಜಾಡಿಯಲ್ಲಿ ಒಂದೊಂದು ಮಿ.ಲೀ.ಗೆ ಒಂದು ಗೀಟು ಇರುತ್ತದೆ. 12 ಮಿ.ಲೀ. ಗಾತ್ರದ ಕಲ್ಲೊಂದನ್ನು ಅದರಲ್ಲಿ ಮುಳುಗಿಸಿ, ಮುಂಚೆ ಒಂದು ಸಲ, ಆಮೇಲೆ ಒಂದು ಸಲ ನೀರಿನ ಮಟ್ಟವನ್ನು ಓದುವಾಗ ಎರಡೂ ಕಡೆ ಅರ್ಧರ್ಧ ಗೀಟು ತಪ್ಪಿದರೆ, ಗಾತ್ರದಲ್ಲಿ ಶೇ. 8ರಷ್ಟು ತಪ್ಪು ಬರಬಹುದು. ನಮ್ಮ ಬೆಟ್ಟಗಳ ಬಿಳಿ ಗ್ರಾನೈಟಿನ ಸಾಂದ್ರತೆ ಸುಮಾರು 2.65, ಅದರ ನಡುವೆ ಕಪ್ಪು ಗೋಡೆಯಂತೆ ಹಾದುಹೋಗುವ ಡಾಲರೈಟ್ ಕಲ್ಲಿನದು ಸುಮಾರು 3.0. ಅಷ್ಟು ದೊಡ್ಡ ತಪ್ಪಿಟ್ಟುಕೊಂಡು ಈ ಎರಡನ್ನು ಧೈರ್ಯವಾಗಿ ಬೇರ್ಪಡಿಸಲಾಗದು.

ಹಾಗಾದರೆ ಮನೆಯಲ್ಲೇ ಮಾಡಬಹುದಾದ ಒಳ್ಳೆಯ ವಿಧಾನ ಯಾವುದು?

ಗಾತ್ರವನ್ನು ಕಣ್ಣಿನಿಂದ ಅಳೆಯದೆ ತಕ್ಕಡಿಯಿಂದ ಅಳೆಯುವುದು. ಈ ಪುಟದಲ್ಲಿ ನನಗೆ ಮುಖ್ಯವೆನಿಸಿದ ಮಾತು ಇದೊಂದೇ. ಬೇಕಾದದ್ದು 0.1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತೂಕದ ಯಂತ್ರ, ಒಂದು ಅಗಲ ಬಾಯಿಯ ಪಾತ್ರೆ, ತೆಳುವಾದ ಹೊಲಿಗೆ ದಾರ.

ಮೊದಲು ಒಣ ವಸ್ತುವನ್ನು ತೂಗಿ ಬರೆದುಕೊಳ್ಳಿ. ನಂತರ ನೀರು ತುಂಬಿದ ಪಾತ್ರೆಯನ್ನು ಯಂತ್ರದ ಮೇಲಿಟ್ಟು, ಟೇರ್ ಗುಂಡಿ ಒತ್ತಿ ಸೊನ್ನೆಗೆ ತನ್ನಿ. ವಸ್ತುವಿಗೆ ದಾರ ಕಟ್ಟಿ, ಅದು ಪೂರ್ತಿ ಮುಳುಗುವಂತೆ, ಆದರೆ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಇಳಿಬಿಡಿ. ಈಗ ಯಂತ್ರ ತೋರಿಸುವ ಗ್ರಾಂಗಳೇ ವಸ್ತು ಪಕ್ಕಕ್ಕೆ ಸರಿಸಿದ ನೀರಿನ ದ್ರವ್ಯರಾಶಿ. ಅದನ್ನು ಆ ತಾಪಮಾನದ ನೀರಿನ ಸಾಂದ್ರತೆಯಿಂದ ಭಾಗಿಸಿದರೆ ಗಾತ್ರ ಕೈಗೆ ಬಂತು. ಕೈ ನಡುಗಿದರೆ ಅಂಕಿ ಓಡಾಡುತ್ತದೆ, ಆದ್ದರಿಂದ ದಾರವನ್ನು ಕೈಯಲ್ಲಿ ಹಿಡಿಯುವ ಬದಲು ಎರಡು ಪುಸ್ತಕದ ರಾಶಿಗಳ ಮೇಲೆ ಅಡ್ಡ ಇಟ್ಟ ಸ್ಕೇಲಿಗೆ ಕಟ್ಟುವುದು ಒಳ್ಳೆಯದು.

ನಂದಿಬೆಟ್ಟದ ದಾರಿಯಲ್ಲಿ ಸಿಕ್ಕ ಕಲ್ಲೊಂದನ್ನು ತರಗತಿಯಲ್ಲಿ ಹೀಗೆ ಅಳೆದಾಗ ಒಣ ತೂಕ 318.4 ಗ್ರಾಂ ಬಂತು. ನೀರಿನಲ್ಲಿ ತೂಗುಬಿಟ್ಟಾಗ ಯಂತ್ರ 119.7 ತೋರಿಸಿತು. ಅಂದು ನೀರು 27 ಡಿಗ್ರಿ ಇತ್ತು. ಆ ತಾಪಮಾನದಲ್ಲಿ ನೀರಿನ ಸಾಂದ್ರತೆ 0.9965. ಗಾತ್ರ 120.1 ಮಿ.ಲೀ., ಸಾಂದ್ರತೆ 2.65. ಅಚ್ಚ ಗ್ರಾನೈಟ್. ಅದೇ ಕಲ್ಲನ್ನು ಮಕ್ಕಳು ಜಾಡಿಯಲ್ಲಿ ಮುಳುಗಿಸಲು ಹೋದಾಗ ಅದು ಜಾಡಿಯ ಬಾಯಿಯೊಳಗೇ ಇಳಿಯಲಿಲ್ಲ.

ವಸ್ತು ಯಂತ್ರವನ್ನು ಮುಟ್ಟಿಯೇ ಇಲ್ಲ, ದಾರ ಮೇಲೆ ಕಟ್ಟಿದೆ. ಆದರೂ ತೂಕ ಏಕೆ ಏರುತ್ತದೆ?

ನೀರು ವಸ್ತುವನ್ನು ಮೇಲಕ್ಕೆ ಒತ್ತುತ್ತದೆ. ಅಷ್ಟೇ ಬಲದಿಂದ ವಸ್ತು ನೀರನ್ನು ಕೆಳಕ್ಕೆ ಒತ್ತುತ್ತದೆ. ನೀರು ಆ ಒತ್ತಡವನ್ನು ಪಾತ್ರೆಗೆ, ಪಾತ್ರೆ ಯಂತ್ರಕ್ಕೆ ದಾಟಿಸುತ್ತದೆ. ಪಾತ್ರೆಯ ಗೋಡೆಗೆ ನೀರು ಏರಿದ್ದನ್ನೇ ನೋಡಿದರೂ ಇದು ಹೊಳೆಯುತ್ತದೆ: ಮಟ್ಟ ಏರಿದರೆ ತಳದ ಮೇಲಿನ ಒತ್ತಡ ಏರಲೇಬೇಕು. ದಾರವನ್ನು ಸಡಿಲಬಿಟ್ಟು ವಸ್ತು ತಳದಲ್ಲಿ ಕೂರುವಂತೆ ಮಾಡಿದರೆ ಯಂತ್ರ ಪೂರ್ತಿ ತೂಕವನ್ನು ತೋರಿಸುತ್ತದೆ. ಹಾಗಾಗಿ ಒಂದೇ ಪಾತ್ರೆಯಲ್ಲಿ, ಒಂದೇ ಸಲಕ್ಕೆ, ತೂಗುಬಿಟ್ಟಾಗ ಗಾತ್ರ, ಕೂರಿಸಿದಾಗ ದ್ರವ್ಯರಾಶಿ ಎರಡೂ ದೊರೆಯುತ್ತವೆ. ಮೊದಲ ಸಲ ಇದನ್ನು ನೋಡಿದ ಮಕ್ಕಳ ಮುಖ ಅರಳುವುದನ್ನು ಪ್ರತಿ ವರ್ಷ ಕಂಡಿದ್ದೇನೆ, ಪ್ರತಿ ವರ್ಷವೂ ನನಗೂ ಅಷ್ಟೇ ಸಂತೋಷವಾಗುತ್ತದೆ.

ತೇಲುವ ವಸ್ತುವಿನ ಗಾತ್ರವನ್ನು ಹೇಗೆ ಅಳೆಯುವುದು?

ತೇಲಲು ಬಿಟ್ಟರೆ ಯಂತ್ರ ಅದರ ದ್ರವ್ಯರಾಶಿಯನ್ನು ತೋರಿಸುತ್ತದೆ. ತೆಳುವಾದ ಸೂಜಿಯಿಂದ ಅದನ್ನು ನೀರಿನೊಳಕ್ಕೆ ಪೂರ್ತಿ ಅದುಮಿ ಹಿಡಿದರೆ ಅಂಕಿ ಏರಿ, ಗಾತ್ರಕ್ಕೆ ಸಮನಾದ ನೀರಿನ ದ್ರವ್ಯರಾಶಿಯಲ್ಲಿ ನಿಲ್ಲುತ್ತದೆ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಬಂತು. ಮೇಣದ ಬತ್ತಿಗೆ ಇದು ಸುಮಾರು 0.9 ಬರುತ್ತದೆ. ಮರದ ತುಂಡು ನೀರು ಹೀರುವುದರಿಂದ ಅದಕ್ಕೆ ಮೊದಲೇ ತೆಳುವಾಗಿ ಮೇಣ ಸವರಬೇಕು.

ಇಟ್ಟಿಗೆಯಂಥ ನೀರು ಕುಡಿಯುವ ವಸ್ತುವಿಗೆ ಏನು ಮಾಡಬೇಕು?

ಇಟ್ಟಿಗೆಗೆ ಒಂದೇ ಸಾಂದ್ರತೆ ಇಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ರಂಧ್ರಗಳನ್ನೂ ಸೇರಿಸಿದ ಒಟ್ಟು ಗಾತ್ರಕ್ಕೆ ಒಂದು ಸಾಂದ್ರತೆ, ಸುಟ್ಟ ಮಣ್ಣಿಗಷ್ಟೇ ಇನ್ನೊಂದು. ಎರಡನ್ನೂ ತಿಳಿಯಲು ಮೂರು ತೂಕ ಬೇಕು: ಚೆನ್ನಾಗಿ ಒಣಗಿಸಿ ಆರಿಸಿದ ತೂಕ, 24 ಗಂಟೆ ನೀರಿನಲ್ಲಿ ನೆನೆಸಿ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿದ ತೂಕ, ನೆನೆದ ಇಟ್ಟಿಗೆಯನ್ನೇ ಪಾತ್ರೆಯಲ್ಲಿ ತೂಗುಬಿಟ್ಟು ಅಳೆದ ನೀರಿನ ಸ್ಥಾನಪಲ್ಲಟ. ಅಡುಗೆಮನೆಯ ಯಂತ್ರ ಬಕೆಟ್ ನೀರಿನ ಭಾರ ತಾಳದಿದ್ದರೆ, ಇಟ್ಟಿಗೆಯನ್ನು ಕೊಕ್ಕೆಯ ತೂಕದ ಯಂತ್ರಕ್ಕೆ ನೇತುಹಾಕಿ ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಒಮ್ಮೆ ತೂಗಿ ಕಳೆಯಬಹುದು.

ಉದಾಹರಣೆಗೆ ಒಣ ತೂಕ 2900 ಗ್ರಾಂ, ನೆನೆದ ತೂಕ 3400 ಗ್ರಾಂ, ನೀರಿನಲ್ಲಿ ನೇತುಹಾಕಿದಾಗ 1700 ಗ್ರಾಂ ಎಂದಿಟ್ಟುಕೊಳ್ಳಿ. ಒಟ್ಟು ಗಾತ್ರ 1700 ಮಿ.ಲೀ.; ಅದರಲ್ಲಿ ನೀರು ಹೊಕ್ಕ ರಂಧ್ರಗಳು 500 ಮಿ.ಲೀ. ಒಟ್ಟು ಸಾಂದ್ರತೆ 1.71, ರಂಧ್ರ ಕಳೆದ ಮಣ್ಣಿನದು 2.42. ಕುಡಿದ ನೀರು ಒಣ ತೂಕದ ಶೇ. 17. ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆಗೆ ಭಾರತೀಯ ಮಾನಕ ಶೇ. 20ರ ಮಿತಿ ಹಾಕಿರುವುದರಿಂದ ಈ ಇಟ್ಟಿಗೆ ಆ ಪರೀಕ್ಷೆಯಲ್ಲಿ ತೇರ್ಗಡೆ. ಗೂಡಿನ ಅಂಚಿನಲ್ಲಿ ಅರೆಬೆಂದ ಇಟ್ಟಿಗೆಯನ್ನೂ ನಡುವೆ ಚೆನ್ನಾಗಿ ಬೆಂದದ್ದನ್ನೂ ಒಟ್ಟಿಗೆ ಅಳೆದು ನೋಡಿದರೆ ಬೆಂಕಿ ಎಲ್ಲಿ ಸಾಲಲಿಲ್ಲ ಎಂಬುದು ಅಂಕಿಯಲ್ಲೇ ಕಾಣುತ್ತದೆ.

ಸಕ್ಕರೆ, ಬೆಲ್ಲ, ಉಪ್ಪು ನೀರಿನಲ್ಲಿ ಕರಗುತ್ತವಲ್ಲ? ರಾಗಿಯಂಥ ಕಾಳಿಗೆ?

ಕರಗುವ ವಸ್ತುವಿಗೆ ಅದನ್ನು ಕರಗಿಸದ ದ್ರವ ಬಳಸಬೇಕು. ಸೀಮೆಎಣ್ಣೆ ಸಾಮಾನ್ಯ ಆಯ್ಕೆ. ಒಲೆಯ ಹತ್ತಿರ ಬೇಡ. ಅಂಗಡಿಯ ಕೊಬ್ಬರಿ ಎಣ್ಣೆಯಲ್ಲೂ ಆಗುತ್ತದೆ. ತೋರಿದ ಅಂಕಿಯನ್ನು ಆ ದ್ರವದ ಸಾಂದ್ರತೆಯಿಂದ ಭಾಗಿಸಲು ಮರೆಯಬಾರದು.

ಕಾಳು, ಮರಳು, ಪುಡಿಗೆ ಸಾಂದ್ರತಾ ಬಾಟಲಿ, ಅಂದರೆ ತುಂಬಿದಾಗಲೆಲ್ಲ ಕರಾರುವಾಕ್ಕಾಗಿ ಒಂದೇ ಗಾತ್ರ ಹಿಡಿಯುವ ಮುಚ್ಚಳದ ಚಿಕ್ಕ ಶೀಶೆ, ಬೇಕು. ಬಾಟಲಿಯ ಬರಿ ತೂಕ, ಕಾಳು ಹಾಕಿದ ತೂಕ, ಕಾಳಿನ ಮೇಲೆ ನೀರು ತುಂಬಿದ ತೂಕ, ಬರಿ ನೀರು ತುಂಬಿದ ತೂಕ ಎಂಬ ನಾಲ್ಕರಿಂದ ಲೆಕ್ಕ ಬರುತ್ತದೆ. ಇದು ಒಂದೊಂದು ಕಾಳಿನ ನಿಜ ಸಾಂದ್ರತೆ. ನಮ್ಮ ಹಿರಿಯರು ಸೇರಿನಲ್ಲಿ, ಬಳ್ಳದಲ್ಲಿ ರಾಗಿ ಅಳೆಯುತ್ತಿದ್ದಾಗ ಸಿಗುತ್ತಿದ್ದುದು ಕಾಳುಗಳ ನಡುವಿನ ಗಾಳಿಯೂ ಸೇರಿದ ಗಾತ್ರ; ಅಳತೆಯನ್ನು ಕುಲುಕಿ ತುಂಬಿದರೆ ಒಂದು ತೂಕ, ಹಾಗೇ ಸುರಿದರೆ ಇನ್ನೊಂದು. ಸೇರಿನ ಮೇಲಿನ ಜಗಳಗಳೆಲ್ಲ ಈ ಗಾಳಿಯ ಮೇಲಿನ ಜಗಳಗಳೇ.

ದ್ರವದ ಸಾಂದ್ರತೆಯನ್ನು ಹೈಡ್ರೋಮೀಟರ್ ಇಲ್ಲದೆ ಅಳೆಯಬಹುದೇ?

ಖಂಡಿತ. ಹೈಡ್ರೋಮೀಟರ್ ಎಂದರೆ ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಓದುವ, ಗೀಟು ಹಾಕಿದ ಕಡ್ಡಿ; ಹಾಲಿಗೆಂದೇ ಮಾಡಿದ್ದು ಲ್ಯಾಕ್ಟೋಮೀಟರ್. ಅದಿಲ್ಲದಿದ್ದರೆ ಮೇಲಿನ ವಿಧಾನವನ್ನೇ ತಿರುಗಿಸಿ: ಗಾತ್ರ ಗೊತ್ತಿರುವ ವಸ್ತುವನ್ನು ಗೊತ್ತಿಲ್ಲದ ದ್ರವದಲ್ಲಿ ತೂಗುಬಿಡಿ. ಮರಳು ತುಂಬಿ ಬಿಗಿಯಾಗಿ ಮುಚ್ಚಿದ ಚಿಕ್ಕ ಗಾಜಿನ ಶೀಶೆ ಇದಕ್ಕೆ ಸೊಗಸಾಗಿ ಒಗ್ಗುತ್ತದೆ. 27 ಡಿಗ್ರಿಯ ನೀರಿನಲ್ಲಿ ಅದು 99.6 ತೋರಿದರೆ ಅದರ ಗಾತ್ರ 100 ಮಿ.ಲೀ. ಎಂದಾಯಿತು. ಅದೇ ಶೀಶೆ ಕೊಬ್ಬರಿ ಎಣ್ಣೆಯಲ್ಲಿ 91.6 ತೋರಿದರೆ ಎಣ್ಣೆಯ ಸಾಂದ್ರತೆ 0.916. ಯಂತ್ರದ 0.1 ಗ್ರಾಂ ಎಂದರೆ ಇಲ್ಲಿ ಸಾಂದ್ರತೆಯ 0.001; ಲ್ಯಾಕ್ಟೋಮೀಟರಿನ ಒಂದು ಗೀಟಿಗೆ ಸಮ. ಪುಟ್ಟ ಶೀಶೆಗೆ ಇದು ಕಡಿಮೆ ಸಾಧನೆಯಲ್ಲ.

ಇಲ್ಲಿ ಒಂದು ಮಾತು. ಡಿಸೆಂಬರಿನ ಕೋಲಾರದಲ್ಲಿ ಕೊಬ್ಬರಿ ಎಣ್ಣೆ ರಾತ್ರಿ ಗಟ್ಟಿಯಾಗುತ್ತದೆ. ಬೆಳಗ್ಗೆ ಬಿಸಿಲಿಗಿಟ್ಟಾಗ ಗಮನಿಸಿ: ಗಟ್ಟಿ ಎಣ್ಣೆ ಕರಗಿದ ಎಣ್ಣೆಯಲ್ಲಿ ತಳಕ್ಕಿಳಿಯುತ್ತದೆ. ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ, ಏಕೆಂದರೆ ಅದರ ಸಾಂದ್ರತೆ 0.917. ಹೆಚ್ಚಿನ ವಸ್ತುಗಳು ಎಣ್ಣೆಯ ಹಾದಿಯವು, ಅಪವಾದ ನೀರೇ.

ಲ್ಯಾಕ್ಟೋಮೀಟರ್ ಕಡಿಮೆ ತೋರಿಸಿದರೆ ಹಾಲಿಗೆ ನೀರು ಬೆರೆಸಿದ್ದಾರೆ ಎಂದೇ ಅರ್ಥವೇ?

ಅಲ್ಲ. ಈ ಪ್ರಶ್ನೆಗೆ ನಾನು ಸಾವಧಾನವಾಗಿ ಉತ್ತರಿಸಬೇಕು, ಏಕೆಂದರೆ ಇದರಲ್ಲಿ ಜನರ ಮರ್ಯಾದೆಯ ಮಾತಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ತಾಯಿ ಕರೆದ ಹಾಲನ್ನು ನೊರೆ ಆರುವ ಮುನ್ನವೇ ಹತ್ತಿರದ ಡೇರಿಗೆ ಕೊಂಡೊಯ್ದರು. ಕಡ್ಡಿ 26ನ್ನು ದಾಟಲಿಲ್ಲ. ಸಾಲಿನಲ್ಲಿದ್ದವರೆಲ್ಲರ ಎದುರು "ನೀರು ಹಾಕಿದ್ದೀರಿ" ಎಂದು ಕ್ಯಾನನ್ನು ಪಕ್ಕಕ್ಕಿಟ್ಟರು. ಅಮ್ಮ ಒಂದು ಮಾತೂ ಆಡದೆ ವಾಪಸು ಬಂದರು. ಆ ಹಾಲು ಅಡುಗೆಮನೆಯ ಮೂಲೆಯಲ್ಲಿ ಆರಿದ ಮೇಲೆ ನಾನು ಶಾಲೆಯಿಂದ ಕೇಳಿ ತಂದ ಲ್ಯಾಕ್ಟೋಮೀಟರ್ ಬಿಟ್ಟು ನೋಡಿದೆ. 29. ಕೆಚ್ಚಲಿನಿಂದ ಬಂದ ಹಾಲು ಮೈಬಿಸಿಯಲ್ಲಿರುತ್ತದೆ, ಅದರಲ್ಲಿ ಸಣ್ಣ ಗಾಳಿಗುಳ್ಳೆಗಳಿರುತ್ತವೆ, ಕೊಬ್ಬು ಇನ್ನೂ ಕರಗಿದ ಸ್ಥಿತಿಯಲ್ಲಿರುತ್ತದೆ. ಮೂರೂ ಸೇರಿ ಸಾಂದ್ರತೆಯನ್ನು ಇಳಿಸುತ್ತವೆ. ಅದಕ್ಕೇ ಹಾಲನ್ನು ಆರಲು ಬಿಟ್ಟು, ಗುಳ್ಳೆ ಏಳದಂತೆ ನಿಧಾನವಾಗಿ ಕಲಕಿ, ತಾಪಮಾನವನ್ನು ನೋಡಿಯೇ ಓದಬೇಕು. ಕಡ್ಡಿಯ ಮೇಲೆ ಅದನ್ನು ಯಾವ ತಾಪಮಾನಕ್ಕೆ ಗುರುತು ಮಾಡಿದ್ದಾರೆಂದು ಬರೆದಿರುತ್ತದೆ. ಅದಕ್ಕಿಂತ ಹಾಲು ಬಿಸಿಯಿದ್ದರೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಕಡ್ಡಿಯ ಅಂಕಿಗೆ ಸುಮಾರು 0.2 ಕೂಡಬೇಕು, ತಣ್ಣಗಿದ್ದರೆ ಅಷ್ಟೇ ಕಳೆಯಬೇಕು.

ಲ್ಯಾಕ್ಟೋಮೀಟರಿನ 30 ಎಂದರೆ ಸಾಂದ್ರತೆ 1.030. ಅಂಥ ಹಾಲಿಗೆ ಹತ್ತರಲ್ಲೊಂದು ಪಾಲು ನೀರು ಬೆರೆಸಿದರೆ 27ಕ್ಕೆ ಇಳಿಯುತ್ತದೆ. ಆದರೆ ಒಳ್ಳೆಯ ಹಾಲೇ ಹಸುವಿನಿಂದ ಹಸುವಿಗೆ 28ರಿಂದ 32ರವರೆಗೆ ಓಡಾಡುತ್ತದೆ. 32ರ ಹಾಲಿಗೆ ಹತ್ತರಲ್ಲೊಂದು ಪಾಲು ನೀರು ಸೇರಿಸಿದವನು 29ರ ಸುತ್ತ ಸುಖವಾಗಿ ಪಾರಾಗುತ್ತಾನೆ. ಇನ್ನೊಂದು ಕಡೆ, ಕೊಬ್ಬು ನೀರಿಗಿಂತ ಹಗುರವಾದ್ದರಿಂದ ಕೆನೆ ತೆಗೆದರೆ ಹಾಲಿನ ಸಾಂದ್ರತೆ 1.035ರ ಹತ್ತಿರಕ್ಕೆ ಏರುತ್ತದೆ. ಕೆನೆ ತೆಗೆದು ನೀರು ಬೆರೆಸಿದರೆ ಕಡ್ಡಿಗೆ ಏನೂ ತಿಳಿಯುವುದಿಲ್ಲ. ಕೊಬ್ಬಿನ ಪರೀಕ್ಷೆ ಜೊತೆಗಿಲ್ಲದ ಲ್ಯಾಕ್ಟೋಮೀಟರ್ ಅಂಕಿಯಿಂದ ಯಾರನ್ನೂ ಕಳ್ಳರೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಹೈಡ್ರೋಮೀಟರಿನ ಗೀಟುಗಳು ಕೆಳಗೆ ಹೋದಂತೆ ಏಕೆ ಒತ್ತೊತ್ತಾಗುತ್ತವೆ?

ತೇಲುವ ಕಡ್ಡಿ ತನ್ನ ತೂಕದಷ್ಟೇ ದ್ರವವನ್ನು ಸರಿಸುತ್ತದೆ. ಆದ್ದರಿಂದ ಮುಳುಗಿದ ಗಾತ್ರ ಸಾಂದ್ರತೆಗೆ ವಿಲೋಮ. ಸಾಂದ್ರತೆ ಏರಿದಂತೆ ಕಡ್ಡಿ ಮೇಲೇಳುತ್ತದೆ, ಆದರೆ ಪ್ರತಿ ಸಲ ಏಳುವ ದೂರ ಕಡಿಮೆಯಾಗುತ್ತಾ ಹೋಗುತ್ತದೆ. ಕರೆಂಟು ಹೋದಾಗ ನೆರವಾಗುವ ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ತುಂಬಿದ ಸ್ಥಿತಿಗೆ ಸುಮಾರು 1.28, ಬರಿದಾದ ಸ್ಥಿತಿಗೆ ಸುಮಾರು 1.12 ಎಂದು ಓದುವುದೂ ಇದೇ ಉಪಕರಣ. ಆಮ್ಲ ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಿ.

ಚಿನ್ನ ಶುದ್ಧವೋ ಅಲ್ಲವೋ ಎಂದು ಇದರಿಂದ ತಿಳಿಯಬಹುದೇ?

ಸ್ವಲ್ಪ ಮಟ್ಟಿಗೆ. ಸಿರಾಕ್ಯೂಸಿನ ಆರ್ಕಿಮಿಡೀಸ್ ರಾಜನ ಕಿರೀಟವನ್ನು ಪರೀಕ್ಷಿಸಿದ ಕಥೆ ಎಲ್ಲರಿಗೂ ಗೊತ್ತು; ಉಕ್ಕಿ ಹರಿದ ನೀರನ್ನು ಅಳೆದು ಅಷ್ಟು ಸೂಕ್ಷ್ಮ ವ್ಯತ್ಯಾಸ ಹಿಡಿಯುವುದು ಕಷ್ಟವೆಂದು ಕಂಡ ಗೆಲಿಲಿಯೋ 1586ರಲ್ಲಿ, ನೀರಿನಲ್ಲಿ ಮುಳುಗಿಸಿ ತೂಗುವ ತಕ್ಕಡಿಯೊಂದನ್ನು ವಿವರಿಸಿದ. ನಾವು ಮಾಡುವುದು ಅದರ ಮರಿ.

ಅಪರಂಜಿಯ ಸಾಂದ್ರತೆ 19.3; 22 ಕ್ಯಾರಟ್ಟಿನದು, ಬೆರೆತ ತಾಮ್ರ ಬೆಳ್ಳಿಗಳ ಪ್ರಮಾಣಕ್ಕೆ ತಕ್ಕಂತೆ, 17.8ರ ಆಸುಪಾಸು. 40 ಗ್ರಾಂ ಬಳೆಯ ಗಾತ್ರ ಸುಮಾರು 2.25 ಮಿ.ಲೀ.; 0.01 ಗ್ರಾಂ ತೋರಿಸುವ ಯಂತ್ರದಲ್ಲಿ ಇದು ಶೇ. ಅರ್ಧಕ್ಕಿಂತ ಕಡಿಮೆ ತಪ್ಪಿನಲ್ಲಿ ಸಿಗುತ್ತದೆ. 4 ಗ್ರಾಂ ಉಂಗುರದ ಗಾತ್ರ 0.22 ಮಾತ್ರ, ಅದೇ ಯಂತ್ರದಲ್ಲಿ ಉತ್ತರ 17ರಿಂದ 18.6ರವರೆಗೆ ಎಲ್ಲಿಯಾದರೂ ಬಂದೀತು. ಮೂಗುಬೊಟ್ಟಿನ ಮೇಲೆ ಈ ಪರೀಕ್ಷೆ ಮಾಡಲೇಬೇಡಿ. ಕಲ್ಲು ಕೂರಿಸಿದ, ಅರಗು ತುಂಬಿದ, ಟೊಳ್ಳಾದ ಒಡವೆಗೂ ಇದು ನಡೆಯದು. ಟಂಗ್‌ಸ್ಟನ್ ಸಾಂದ್ರತೆ 19.25 ಇರುವುದರಿಂದ ಒಳಗೆ ಅದನ್ನಿಟ್ಟು ಮೇಲೆ ಚಿನ್ನ ಹೊದಿಸಿದ ಗಟ್ಟಿ ಈ ಪರೀಕ್ಷೆಯನ್ನು ದಾಟುತ್ತದೆ.

ಚಿನ್ನದ ಈ ಭಾರವೇ ಅದನ್ನು ಕಲ್ಲಿನಿಂದ ಬೇರ್ಪಡಿಸಲೂ ನೆರವಾಗುತ್ತದೆ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗಳ ಚಿನ್ನ ಹುದುಗಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚಿನ ಸಾಂದ್ರತೆ 2.65. ಗಾಳಿಯಲ್ಲಿ ಚಿನ್ನ ಬೆಣಚಿಗಿಂತ 7 ಪಟ್ಟು ಭಾರ. ನೀರಿನಲ್ಲಿ ಎರಡರಿಂದಲೂ ಒಂದೊಂದು ಕಳೆಯಬೇಕು: 18.3ನ್ನು 1.65ರಿಂದ ಭಾಗಿಸಿದರೆ 11 ಪಟ್ಟು. ಅರೆದ ಅದಿರನ್ನು ಒಣಗಿದ್ದಾಗ ಜಾಲಿಸುವುದಕ್ಕಿಂತ ನೀರಿನಲ್ಲಿ ತೊಳೆಯುವುದು ಫಲಕಾರಿಯಾಗಲು ನೀರು ಮೇಲಕ್ಕೆ ಒತ್ತುವ ಪ್ಲವನ ಬಲದ ಈ ಉಪಕಾರವೂ ಒಂದು ಕಾರಣ.

ಮಾವಿನಕಾಯಿ ಮುಳುಗಿದರೆ ಬಲಿತಿದೆ ಎನ್ನುತ್ತಾರೆ, ನಿಜವೇ?

ನಿಜ. ಕಾಯಿ ಬಲಿತಂತೆ ಅದರಲ್ಲಿ ಪಿಷ್ಟ ತುಂಬುತ್ತದೆ. ಬಲಿತ ಬಾದಾಮಿ ಕಾಯಿಯ ಸಾಪೇಕ್ಷ ಸಾಂದ್ರತೆ 1.01ರಿಂದ 1.02, ಎಳೆಯದು ನೀರಿನಲ್ಲಿ ತೇಲುತ್ತದೆ. ಲೀಟರ್ ನೀರಿಗೆ 25 ಗ್ರಾಂ ಉಪ್ಪು ಹಾಕಿದರೆ ಸುಮಾರು 1.015ರ ದ್ರಾವಣವಾಗುತ್ತದೆ, ಅದರಲ್ಲಿಯೂ ಮುಳುಗಿದ ಕಾಯಿ ಇನ್ನೂ ಚೆನ್ನಾಗಿ ಬಲಿತದ್ದು.

ನಮ್ಮ ಕೊಳವೆಬಾವಿಯ ಗಡಸು ನೀರು ಬಳಸಬಹುದೇ? ತಾಪಮಾನ ಎಷ್ಟು ಮುಖ್ಯ?

ಬಳಸಬಹುದು. ಲೀಟರಿಗೆ ಒಂದು ಗ್ರಾಂ ಲವಣ ಕರಗಿದ್ದರೂ ಸಾಂದ್ರತೆ ಸಾವಿರದಲ್ಲಿ ಒಂದು ಪಾಲಿನಷ್ಟೂ ಏರುವುದಿಲ್ಲ. ತಾಪಮಾನದ ಪಾಲು ಇದಕ್ಕಿಂತ ದೊಡ್ಡದು: ನೀರು 20 ಡಿಗ್ರಿಯಲ್ಲಿ 0.9982, 27ರಲ್ಲಿ 0.9965, 35ರಲ್ಲಿ 0.9940. ಎರಡಕ್ಕಿಂತಲೂ ದೊಡ್ಡ ಶತ್ರು ಗಾಳಿಗುಳ್ಳೆ. ಆಗತಾನೇ ನಲ್ಲಿಯಿಂದ ಹಿಡಿದ ನೀರಿನಲ್ಲಿ ಕರಗಿದ ಗಾಳಿ ಹೊರಬಂದು ಕಲ್ಲಿನ ಮೇಲೆ ಮುತ್ತಿನಂತೆ ಕೂರುತ್ತದೆ; ಗುಳ್ಳೆಗಳು ಗಾತ್ರವನ್ನು ಹೆಚ್ಚಿಸಿ ತೋರಿಸುತ್ತವೆ. ನೀರನ್ನು ಕುದಿಸಿ ಆರಿಸಿ, ಒಂದೇ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಮುಳುಗಿಸಿದ ಮೇಲೆ ಬ್ರಷ್ಷಿನಿಂದ ಮೆಲ್ಲಗೆ ಸವರಿ.

ಎತ್ತರದ ಊರಿನಲ್ಲಿ ಉತ್ತರ ಬದಲಾಗುತ್ತದೆಯೇ?

ಗುರುತ್ವ ಎರಡೂ ತೂಕಗಳಲ್ಲಿ ಒಂದೇ ಆಗಿ ಬರುವುದರಿಂದ ಲೆಕ್ಕದಲ್ಲಿ ಹೊಡೆದುಹೋಗುತ್ತದೆ. ಗಾಳಿಯೂ ವಸ್ತುವನ್ನು ತುಸು ಎತ್ತುತ್ತದೆ: ಒಂದು ಲೀಟರ್ ಗಾತ್ರದ ವಸ್ತುವನ್ನು ಸಮುದ್ರಮಟ್ಟದಲ್ಲಿ ಸುಮಾರು 1.2 ಗ್ರಾಂನಷ್ಟು, ಕೋಲಾರದ ಎತ್ತರದಲ್ಲಿ 1.1ಕ್ಕಿಂತ ತುಸು ಕಡಿಮೆ, 1478 ಮೀಟರಿನ ನಂದಿಬೆಟ್ಟದ ತುದಿಯಲ್ಲಿ ಸುಮಾರು 1 ಗ್ರಾಂನಷ್ಟು. ಮನೆಯ ಅಳತೆಗೆ ಇದನ್ನು ಬಿಡಬಹುದು.

ನನ್ನ ಅಳತೆ ಸರಿಯಿದೆ ಎಂದು ತಿಳಿಯುವುದು ಹೇಗೆ?

ಉತ್ತರ ಮೊದಲೇ ಗೊತ್ತಿರುವ ವಸ್ತುವಿನಿಂದ ಶುರುಮಾಡಿ. ವೈರಿಂಗ್ ಕೆಲಸದಲ್ಲಿ ಉಳಿದ ತಾಮ್ರದ ತಂತಿಯ ಸಿಪ್ಪೆ ಸುಲಿದು, 50 ಗ್ರಾಂನಷ್ಟನ್ನು ಸಡಿಲವಾಗಿ ಸುರುಳಿ ಸುತ್ತಿ ಅಳೆಯಿರಿ. ತಾಮ್ರದ ಸಾಂದ್ರತೆ 8.96, ಆದ್ದರಿಂದ ನೀರಿನಲ್ಲಿ 5.6ರ ಹತ್ತಿರ ಬರಬೇಕು. 0.1 ಗ್ರಾಂ ಯಂತ್ರದಲ್ಲಿ 8.8ರಿಂದ 9.1ರೊಳಗೆ ಬಂದರೆ ಕೈ ಪಳಗಿದೆ. 8.3 ಬಂದರೆ ಸುರುಳಿಯ ಒಳಗೆಲ್ಲೋ ಗುಳ್ಳೆ ಸಿಕ್ಕಿಕೊಂಡಿದೆ ಅಥವಾ ಅಷ್ಟಿಷ್ಟು ಪ್ಲಾಸ್ಟಿಕ್ ಅಂಟಿಕೊಂಡಿದೆ. 10 ದಾಟಿದರೆ ಸುರುಳಿಯ ಒಂದು ಸುತ್ತು ನೀರಿನ ಮೇಲೆ ಉಳಿದಿದೆಯೇ ನೋಡಿ, ಪೂರ್ತಿ ಮುಳುಗಿಸಿ, ಮತ್ತೆ ಸೊನ್ನೆಗೆ ತಂದು ಇನ್ನೆರಡು ಸಲ ಅಳೆಯಿರಿ.